ಉಪ್ಪಿಟ್ಟಿನ ಋಣ

ಕಳೆದ ಯುಗಾದಿ ಕಾರ್ಯಕ್ರಮದ ದಿನ, ಮಕ್ಕಳ ನಾಟಕ ಮುಗಿದು ಊಟದ ಸಾಲು ಇನ್ನೂ ಕರಗದಿದ್ದ ಹೊತ್ತಿನಲ್ಲಿ, ನಾವು ನಾಲ್ಕೈದು ಮಂದಿ ಅಪ್ಪಂದಿರು ಕಾಫಿ ಪಾತ್ರೆಯ ಪಕ್ಕದಲ್ಲಿ ಗುಂಪುಗೂಡಿದ್ದೆವು. ಮಾತು ಎಂದಿನಂತೆ ಮನೆ ಸಾಲದ ಬಡ್ಡಿಯಿಂದ ಶುರುವಾಗಿ, ಮೊಣಕಾಲು ನೋವನ್ನು ಹಾದು, ಮಕ್ಕಳ ಮದುವೆಗೆ ಬಂದು ನಿಂತಿತು. ಮಿತ್ರರೊಬ್ಬರು ತಮ್ಮ ಮಗಳು ಒಬ್ಬ ಹುಡುಗನ ಜೊತೆ ಊಟಕ್ಕೆ ಹೋಗಿಬಂದ ಕತೆ ಹೇಳಿದರು. ಬಿಲ್ಲು ಬಂದೊಡನೆ ಇಬ್ಬರೂ ತಮ್ಮ ತಮ್ಮ ಫೋನು ತೆಗೆದು, ಟಿಪ್ಸನ್ನೂ ಸೇರಿಸಿ, ಸೆಂಟು ಸೆಂಟಿಗೂ ಲೆಕ್ಕ ಹಾಕಿ ಸರಿಪಾಲು ಮಾಡಿಕೊಂಡರಂತೆ. "ಇದೇನ್ರೀ ಇದು, ಹುಡುಗ ಹುಡುಗಿ ನೋಡಿಕೊಳ್ಳೋದೋ, ಚೀಟಿ ವ್ಯವಹಾರವೋ? ನಮ್ಮ ಕಾಲದಲ್ಲಿ ಇಂಥ ಲೆಕ್ಕಾಚಾರ ಇತ್ತೇ?" ಎಂದು ಅವರು ಕೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಕಾರಿನಲ್ಲಿ ಮನೆಗೆ ಬರುವಾಗ ನನ್ನ ಹೆಂಡತಿ, "ಅಲ್ಲಾ ರೀ, ಅಷ್ಟು ಜೋರಾಗಿ ತಲೆ ಆಡಿಸ್ತಿದ್ರಲ್ಲ, ಅರಸೀಕೆರೆ ಕಾರ್ಡು ಮರೆತುಹೋಯ್ತಾ?" ಎಂದಳು. ಮನೆ ಮುಟ್ಟುವವರೆಗೂ ನಾನು ಬಾಯಿ ಬಿಡಲಿಲ್ಲ. ಆ ಕಾರ್ಡಿನ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು, ನಮ್ಮ ಮಿತ್ರರ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳೋಣ. ಒಂದು ಗಂಡು ಒಂದು ಹೆಣ್ಣು ಮದುವೆಯ ಯೋಚನೆಯಿಂದ ಒಬ್ಬರನ್ನೊಬ್ಬರು ನೋಡುವ, ಅರಿಯುವ ಆ ದಿನಗಳಲ್ಲಿ ಖರ್ಚು ಯಾರದು? ಆ ಖರ್ಚಿನಿಂದ ಯಾರಿಗೆ ಯಾರ ಋಣ ಬರುತ್ತದೆ? ಬಿಲ್ಲು ಕೊಟ್ಟುಬಿಟ್ಟರೆ ಆ ಋಣ ತೀರುತ್ತದೆಯೇ?

ನಾವು ಈ ದೇಶಕ್ಕೆ ಬಂದಾಗ, ಡೇಟಿಂಗ್ ಎಂಬುದು ಅಮೆರಿಕನ್ನರಿಗೆ ಮುತ್ತಜ್ಜನ ಕಾಲದಿಂದ ಬಂದದ್ದು ಎಂದೇ ನಮ್ಮಲ್ಲಿ ಹಲವರು ನಂಬಿದ್ದೆವು. "ಅವರ ಸಂಸ್ಕೃತಿ ಅವರಿಗೆ, ನಮ್ಮದು ನಮಗೆ" ಎಂದು ಮಕ್ಕಳಿಗೆ ಎಷ್ಟು ಸಲ ಉಪದೇಶ ಮಾಡಿಲ್ಲ! ನಿಜವಾಗಿ ನೋಡಿದರೆ ಅದು ನೂರಿಪ್ಪತ್ತು ನೂರಮೂವತ್ತು ವರ್ಷಗಳ ಪದ್ಧತಿ. ಅದಕ್ಕೆ ಮುಂಚೆ ಇಲ್ಲಿನ ಮಧ್ಯಮವರ್ಗದ ಮನೆಗಳಲ್ಲಿ ಇದ್ದದ್ದು "ಕಾಲಿಂಗ್". ಬೆತ್ ಬೇಲಿ ಎಂಬ ಇತಿಹಾಸಕಾರ್ತಿ 1988ರಲ್ಲಿ ಪ್ರಕಟಿಸಿದ "ಫ್ರಮ್ ಫ್ರಂಟ್ ಪೋರ್ಚ್ ಟು ಬ್ಯಾಕ್ ಸೀಟ್" ಎಂಬ ಪುಸ್ತಕದಲ್ಲಿ ಇದರ ವಿವರಗಳಿವೆ. ಮನೆಯ ಮುಂಜಗಲಿಯಿಂದ ಕಾರಿನ ಹಿಂದಿನ ಸೀಟಿಗೆ ಎಂಬ ಆ ಹೆಸರೇ ಅರ್ಧ ಕತೆ ಹೇಳುತ್ತದೆ.

ಕಾಲಿಂಗ್ ಎಂದರೆ ಹುಡುಗ ಹುಡುಗಿಯ ಮನೆಗೆ ಬರುವುದು. ಆದರೆ ಅವನು ತಾನಾಗಿ ಬರುವಂತಿರಲಿಲ್ಲ. ಹುಡುಗಿಯ ತಾಯಿ, ಅಥವಾ ಪ್ರಾಯಕ್ಕೆ ಬಂದ ಹುಡುಗಿಯೇ, "ನೀವು ನಮ್ಮ ಮನೆಗೆ ಬರಬಹುದು" ಎಂದು ಹೇಳಬೇಕಿತ್ತು. ಕರೆಯುವ ಹಕ್ಕು ಹೆಣ್ಣಿನ ಕಡೆಯದು. ಬಂದ ಹುಡುಗ ಪಡಸಾಲೆಯಲ್ಲಿ ಕೂರುತ್ತಿದ್ದ. ಹುಡುಗಿ ಪಿಯಾನೋ ನುಡಿಸಬಹುದು, ಚಹಾ ತಿಂಡಿ ಕೊಡಬಹುದು. ಅಮ್ಮ ಎಲ್ಲೋ ಹತ್ತಿರದಲ್ಲೇ ಇರುತ್ತಾಳೆ. ಎಷ್ಟು ಹೊತ್ತು ಕೂರಬೇಕು, ಏನು ಮಾತಾಡಬೇಕು ಎಂಬುದಕ್ಕೂ ನಿಯಮಗಳಿದ್ದವು. ಓದುತ್ತಾ ಓದುತ್ತಾ ನನಗೆ ನಗು ಬಂತು. ಪಿಯಾನೋ ತೆಗೆದು ಹಾರ್ಮೋನಿಯಂ ಇಟ್ಟರೆ, ಕೇಕು ತೆಗೆದು ಉಪ್ಪಿಟ್ಟು ಕೇಸರಿಬಾತು ಇಟ್ಟರೆ, ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೂ ಇದಕ್ಕೂ ಎಷ್ಟು ದೂರ? ಒಂದು ದೊಡ್ಡ ವ್ಯತ್ಯಾಸವಂತೂ ಇದೆ. ಅಲ್ಲಿ ಬರಬಹುದು ಎಂದು ಹೇಳುವ ಹೆಣ್ಣಿಗೆ ಬೇಡ ಎನ್ನುವ ಅಧಿಕಾರವೂ ಇತ್ತು. ನಮ್ಮಲ್ಲಿ ದಿನ ಗೊತ್ತುಮಾಡುತ್ತಿದ್ದವರು ಹಿರಿಯರು, ಬೇಕು ಬೇಡ ಎನ್ನುತ್ತಿದ್ದವರು ಹೆಚ್ಚಾಗಿ ಗಂಡಿನವರು.

ಈ ಪಡಸಾಲೆಯಿಂದ ಹುಡುಗ ಹುಡುಗಿ ಬೀದಿಗೆ ಬಂದದ್ದು ಹೇಗೆ? ಪಡಸಾಲೆ ಇದ್ದವರು ತಾನೇ ಪಡಸಾಲೆಯಲ್ಲಿ ಕೂರಿಸುವುದು! ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಈ ಚಿಕಾಗೋ ನಗರದಲ್ಲಿ ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಮಲಗುತ್ತಿದ್ದ ವಲಸೆಗಾರರ ವಠಾರಗಳು ಎಷ್ಟೋ ಇದ್ದವು. ಅವರ ಹೆಣ್ಣುಮಕ್ಕಳು ಕಾರ್ಖಾನೆಗೂ ದೊಡ್ಡ ಅಂಗಡಿಗಳಿಗೂ ದುಡಿಯಲು ಹೋಗುತ್ತಿದ್ದರು. ಹುಡುಗನೊಬ್ಬನನ್ನು ಕಂಡು ಮಾತಾಡಬೇಕೆಂದರೆ ಹೊರಗೆ, ನೃತ್ಯಶಾಲೆಗೋ ಐಸ್‌ಕ್ರೀಂ ಅಂಗಡಿಗೋ ನಾಟಕಕ್ಕೋ ಹೋಗಬೇಕಿತ್ತು. ಆ ಅರ್ಥದಲ್ಲಿ "ಡೇಟ್" ಎಂಬ ಮಾತು ಅಚ್ಚಾದ ಅತಿ ಹಳೆಯ ಉದಾಹರಣೆಗಳಲ್ಲಿ ಒಂದು ಇಲ್ಲಿಯದೇ. 1896ರಲ್ಲಿ ಜಾರ್ಜ್ ಏಡ್ ಎಂಬ ಅಂಕಣಕಾರ "ಚಿಕಾಗೋ ರೆಕಾರ್ಡ್" ಪತ್ರಿಕೆಯಲ್ಲಿ ಬರೆದ ಕತೆಯಲ್ಲಿ ಒಬ್ಬ ಸಾಮಾನ್ಯ ಗುಮಾಸ್ತ, ತನ್ನ ಹುಡುಗಿಯ ತಾರೀಖುಗಳನ್ನೆಲ್ಲ ಬೇರೊಬ್ಬ ಹಿಡಿದುಬಿಟ್ಟಿದ್ದಾನೆಂದು ಕೊರಗುತ್ತಾನೆ. ಕ್ಯಾಲೆಂಡರಿನ ತಾರೀಖು ಹೀಗೆ ಪ್ರೇಮದ ನಿಘಂಟಿಗೆ ಸೇರಿತು.

ಹೊರಗೆ ಹೋದರೆ ದುಡ್ಡು ಬೇಕು. ಆ ಹುಡುಗಿಯರ ಸಂಬಳ ಕಡಿಮೆ, ಅದರಲ್ಲೂ ಬಹುಪಾಲು ಮನೆಗೆ ಕೊಡಬೇಕು. ಹೀಗಾಗಿ ಹುಡುಗನೇ ಖರ್ಚು ಮಾಡುವ "ಟ್ರೀಟಿಂಗ್" ರೂಢಿಗೆ ಬಂತು. ಇಲ್ಲಿ ಹಲ್ ಹೌಸ್ ಕಟ್ಟಿ ಬಡವರ ನಡುವೆ ಬದುಕಿದ ಜೇನ್ ಆಡಮ್ಸ್ ಅವರು 1909ರಲ್ಲಿ "ದಿ ಸ್ಪಿರಿಟ್ ಆಫ್ ಯೂತ್ ಅಂಡ್ ದಿ ಸಿಟಿ ಸ್ಟ್ರೀಟ್ಸ್" ಎಂಬ ಪುಸ್ತಕ ಬರೆದರು. ಹಗಲು ಈ ಮಕ್ಕಳ ದುಡಿಮೆಯನ್ನು ಕೊಳ್ಳುವ ನಗರವೇ ಸಂಜೆ ಅವರ ಪುಡಿಗಾಸಿಗೂ ಕೈ ಒಡ್ಡುತ್ತದೆ, ಅವರು ನಕ್ಕು ನಲಿಯಲು ವ್ಯಾಪಾರವಲ್ಲದ ಜಾಗವೇ ಇಲ್ಲ ಎಂಬುದು ಆಕೆಯ ಅಳಲು. ಡೇಟಿಂಗ್ ಶುರುವಾದದ್ದು ಶ್ರೀಮಂತರ ಶೋಕಿಯಿಂದಲ್ಲ, ಮನೆಯಲ್ಲಿ ಜಾಗವಿಲ್ಲದವರ ಅನಿವಾರ್ಯದಿಂದ ಎಂಬುದನ್ನು ನಾವು ನೆನಪಿಡಬೇಕು.

ಆಮೇಲೆ ಬಂತು ಕಾರು. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದಾಗ ಅದರ ಬೆಲೆ ಸುಮಾರು 850 ಡಾಲರ್. 1925ರ ಹೊತ್ತಿಗೆ ಅದು 300 ಡಾಲರಿಗೂ ಕೆಳಗಿಳಿಯಿತು. ರಾಬರ್ಟ್ ಲಿಂಡ್ ಮತ್ತು ಹೆಲೆನ್ ಲಿಂಡ್ ದಂಪತಿಗಳು ನೆರೆಯ ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನಲ್ಲಿ ಕೂತು ಅಧ್ಯಯನ ಮಾಡಿ 1929ರಲ್ಲಿ "ಮಿಡ್ಲ್‌ಟೌನ್" ಎಂಬ ಗ್ರಂಥ ಪ್ರಕಟಿಸಿದರು. ಅಪ್ಪ ಅಮ್ಮಂದಿರಿಗೂ ಮಕ್ಕಳಿಗೂ ಆಗ ಜಗಳ ಯಾವುದಕ್ಕೆ? ವಾರಕ್ಕೆ ಎಷ್ಟು ಸಂಜೆ ಹೊರಗೆ ಹೋಗಬೇಕು, ರಾತ್ರಿ ಎಷ್ಟು ಗಂಟೆಗೆ ಮನೆ ಸೇರಬೇಕು, ಕಾರು ಯಾರು ತೆಗೆದುಕೊಂಡು ಹೋಗಬೇಕು. ನೂರು ವರ್ಷದ ಹಿಂದಿನ ಈ ಪಟ್ಟಿಯನ್ನು ನೋಡಿ ನನಗೆ, ಯಾರೋ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಬರೆದುಕೊಂಡಂತೆ ಅನಿಸಿತು.

ಬೇಲಿಯವರು ಹೇಳುವ ಒಂದು ಮಾತು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಹುಡುಗಿಯ ಮನೆಯಲ್ಲಿ ಭೇಟಿ ನಡೆಯುತ್ತಿದ್ದಾಗ ಆತಿಥ್ಯ ಹುಡುಗಿಯದು, ಆದ್ದರಿಂದ ಕರೆಯುವವಳೂ ಅವಳೇ. ಭೇಟಿ ಪೇಟೆಗೆ ಹೋದಾಗ ದುಡ್ಡು ಹುಡುಗನದು, ಆದ್ದರಿಂದ ಕರೆಯುವವನು ಅವನಾದ. ಅವಳು ಯಾರಾದರೂ ಕರೆಯಲಿ ಎಂದು ಕಾಯುವವಳಾದಳು. ಅಷ್ಟೇ ಅಲ್ಲ, ಖರ್ಚು ಮಾಡಿದವನಿಗೆ ತಾನು ಏನನ್ನೋ ಕೊಂಡೆ, ಅದಕ್ಕೆ ಪ್ರತಿಯಾಗಿ ಏನೋ ಬರಬೇಕು ಎಂಬ ಭಾವ ಮೆಲ್ಲಗೆ ಹುಟ್ಟಿತು. ಅವಳಿಗೆ, ತಿಂದ ಊಟಕ್ಕೆ ತಾನು ಏನೋ ತೀರಿಸಬೇಕೇನೋ ಎಂಬ ಇಕ್ಕಟ್ಟು ಹುಟ್ಟಿತು. ಮನೆಗೆ ಬಂದವರಿಗೆ ಅನ್ನ ಹಾಕಿದವರು ಆ ಅನ್ನದ ಲೆಕ್ಕ ಬರೆಯುವುದಿಲ್ಲ. ಹೋಟೆಲಿನ ಊಟಕ್ಕಾದರೋ ರಶೀದಿ ಇರುತ್ತದೆ.

ಅಲ್ಲಿಂದ ಮುಂದೆ ಪೇಟೆ ಸುಮ್ಮನೆ ಕೂರಲಿಲ್ಲ. ವಿಲ್ಲರ್ಡ್ ವಾಲರ್ ಎಂಬ ಸಮಾಜಶಾಸ್ತ್ರಜ್ಞರು 1937ರಲ್ಲಿ ಕಾಲೇಜು ಹುಡುಗ ಹುಡುಗಿಯರ ಬಗ್ಗೆ ಬರೆದ ಲೇಖನದಲ್ಲಿ, ಅಲ್ಲಿ ನಡೆಯುತ್ತಿದ್ದುದು ಪ್ರೇಮಕ್ಕಿಂತ ಹೆಚ್ಚಾಗಿ ಅಂತಸ್ತಿನ ಸ್ಪರ್ಧೆ ಎಂದರು. ಹುಡುಗನಿಗೆ ಕಾರು, ಬಟ್ಟೆ, ಕೈಯಲ್ಲಿ ಕಾಸು. ಹುಡುಗಿಗೆ, ತಾನು ಎಲ್ಲರಿಗೂ ಬೇಕಾದವಳು ಎಂದು ನಾಲ್ಕು ಜನಕ್ಕೆ ಕಾಣಿಸುವುದು. ಅವರ ಮಾತು ಎಲ್ಲ ಕಾಲೇಜುಗಳಿಗೂ ಒಪ್ಪುವುದಿಲ್ಲ ಎಂದು ಆಮೇಲಿನ ವಿದ್ವಾಂಸರು ತಕರಾರು ತೆಗೆದರೂ, ಅದನ್ನು ಪೂರಾ ಸುಳ್ಳೆನ್ನುವುದು ಕಷ್ಟ. ವಜ್ರದ ಉಂಗುರದ ಕತೆ ನಿಮಗೆ ಗೊತ್ತಿರಬಹುದು. ಡಿ ಬಿಯರ್ಸ್ ಕಂಪನಿ 1938ರಲ್ಲಿ ಒಂದು ಜಾಹೀರಾತು ಸಂಸ್ಥೆಯನ್ನು ಹಿಡಿಯಿತು. ವಜ್ರ ಶಾಶ್ವತ ಎಂಬ ಅರ್ಥದ ಅದರ ಪ್ರಸಿದ್ಧ ಘೋಷಣೆ ಹುಟ್ಟಿದ್ದು 1947ರಲ್ಲಿ. ಉಂಗುರಕ್ಕೆ ಎರಡು ತಿಂಗಳ ಸಂಬಳ ಹಾಕಬೇಕೆಂದು 1980ರ ದಶಕದ ಜಾಹೀರಾತುಗಳು ಲೆಕ್ಕವನ್ನೂ ಹೇಳಿಕೊಟ್ಟವು. ಪ್ರೀತಿಯ ಆಳವನ್ನು ಸಂಬಳದ ಚೀಟಿಯಿಂದ ಅಳೆಯುವ ಮೊಳಕೋಲು ಹೀಗೆ ಸಿದ್ಧವಾಯಿತು.

ಹಾಗೆಂದು ಪೇಟೆ ಕೆಟ್ಟದ್ದು, ಮನೆ ಒಳ್ಳೆಯದು ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳಲು ನಾನು ಸಿದ್ಧನಿಲ್ಲ. ಮನೆಯ ಪಡಸಾಲೆ ಎಷ್ಟೋ ಹೆಣ್ಣುಮಕ್ಕಳಿಗೆ ಪಂಜರವೂ ಆಗಿತ್ತು. ತನ್ನ ಸಂಬಳ ತನ್ನ ಕೈಗೆ ಬಂದ ಮೇಲೆ ತಾನೇ ಅವಳು ತನಗೆ ಬೇಡದವನಿಗೆ ಬೇಡ ಎನ್ನಲು ಸಾಧ್ಯವಾದದ್ದು? ಈ ದೇಶದಲ್ಲಿ ಹೆಂಗಸು ಎಂಬ ಕಾರಣಕ್ಕೆ ಸಾಲ, ಕ್ರೆಡಿಟ್ ಕಾರ್ಡು ನಿರಾಕರಿಸಬಾರದೆಂಬ ಕಾನೂನು ಬಂದದ್ದೇ 1974ರಲ್ಲಿ. ನಮ್ಮ ಮಿತ್ರರ ಮಗಳು ತನ್ನ ಪಾಲನ್ನು ತಾನು ಕೊಟ್ಟದ್ದರ ಹಿಂದೆ ಇಷ್ಟು ಉದ್ದದ ದಾರಿಯಿದೆ. ಅವಳು ಮಾಡಿದ್ದು ಜಿಪುಣತನವಲ್ಲ. "ಈ ಊಟದಿಂದ ನನಗೆ ನಿನ್ನ ಋಣ ಬೇಡ, ನಿನಗೆ ನನ್ನ ಮೇಲೆ ಹಕ್ಕೂ ಬೇಡ" ಎಂದು ಬಾಯಿ ಬಿಡದೆ ಹೇಳಿದಳು, ಅಷ್ಟೆ. ಆ ಹುಡುಗಿಯ ಬಗ್ಗೆ ನನಗೆ ಗೌರವವಿದೆ.

ಇನ್ನು ನಮ್ಮ ಊರಿನ ಮಾತು. ನಮ್ಮಲ್ಲಿ ಲೆಕ್ಕಾಚಾರ ಇರಲಿಲ್ಲ ಎನ್ನುವವರು ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿ ಏಕೆ ಬೇಕಾಯಿತು ಎಂದು ಹೇಳಬೇಕು. ಪತ್ರಿಕೆಗಳ ವಧೂವರರ ಅಂಕಣದಲ್ಲಿ "ಅಮೆರಿಕದಲ್ಲಿ ಉದ್ಯೋಗ, ಗ್ರೀನ್ ಕಾರ್ಡ್ ಉಂಟು" ಎಂಬ ಒಂದು ಸಾಲಿಗೆ ಎಷ್ಟು ತೂಕವಿತ್ತೆಂದು ನಮಗೆಲ್ಲ ಗೊತ್ತು. ಆ ತೂಕದ ಫಲ ಉಂಡವರು ನಾವೇ. ಈಗಂತೂ ಆ ಉಪ್ಪಿಟ್ಟಿನ ತಟ್ಟೆಯೂ ಮನೆ ಬಿಟ್ಟು ಹೊರಟಿದೆ. 1991ರ ಆರ್ಥಿಕ ಬದಲಾವಣೆಯ ನಂತರ ಬೆಂಗಳೂರಿನಲ್ಲಿ ವ್ಯಾಲೆಂಟೈನ್ ಕಾರ್ಡುಗಳ ಭರಾಟೆ ಏರಿತು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ನನ್ನ ತಂಗಿಯ ಮಗಳು ತನ್ನ ಗಂಡನನ್ನು ಮೊದಲು ನೋಡಿದ್ದು ಅಂಥದೇ ಒಂದು ಕಾಫಿ ಅಂಗಡಿಯಲ್ಲಿ. ಹಿರಿಯರ ಭೇಟಿ ಆದದ್ದು ಆಮೇಲೆ. ಹುಡುಗಿ ತಲೆ ತಗ್ಗಿಸಿಕೊಂಡು ಲೋಟದಲ್ಲಿ ತಂದುಕೊಡುತ್ತಿದ್ದ ಕಾಫಿಗೆ ಈಗ ಬೆಲೆಪಟ್ಟಿ ಬಂದಿದೆ. ಚಿಕಾಗೋದ ಬೀದಿಗಳಲ್ಲಿ ನೂರು ವರ್ಷದ ಹಿಂದೆ ನಡೆದದ್ದು ನಮ್ಮ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಮ್ಮ ಕಣ್ಣೆದುರೇ ನಡೆಯಿತು. ಆ ಹುಡುಗಿಯನ್ನು, "ಯಾವುದು ವಾಸಿಯಮ್ಮಾ?" ಎಂದು ಕೇಳಿದೆ. "ಮಾವ, ಅಲ್ಲಿ ನಾನೂ ಅವನನ್ನ ನೋಡಿದೆ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ನನ್ನ ಸ್ವಂತ ಕತೆಗೆ ಬರುತ್ತೇನೆ. 1986ರ ಡಿಸೆಂಬರಿನಲ್ಲಿ ಮೂರು ವಾರದ ರಜೆ ಹಾಕಿ ಮದುವೆಗೆಂದು ಊರಿಗೆ ಹೋದೆ. ನನ್ನ ಸೋದರಮಾವ ಒಂದು ಅಂಬಾಸಿಡರ್ ಬಾಡಿಗೆ ಕಾರು ಗೊತ್ತುಮಾಡಿ, ಪಟ್ಟಿ ಹಿಡಿದು ಕಾದಿದ್ದರು. ಒಂಬತ್ತು ದಿನದಲ್ಲಿ ಏಳು ಮನೆ. ಬೆಂಗಳೂರಿನಲ್ಲಿ ಎರಡು, ತುಮಕೂರು, ಮೈಸೂರು, ಹಾಸನ, ಅರಸೀಕೆರೆ, ಕೊನೆಗೆ ಚಿಕ್ಕಮಗಳೂರು. ಪ್ರತಿ ಮನೆಯಲ್ಲೂ ಜಮಖಾನ ಹಾಸಿತ್ತು, ಪಕ್ಕದ ಮನೆಯಿಂದ ತಂದ ಕುರ್ಚಿಗಳಿದ್ದವು, ಉಪ್ಪಿಟ್ಟು ಇತ್ತು. ಪ್ರತಿ ಮನೆಯಿಂದ ಏಳುವಾಗಲೂ ಮಾವನದು ಒಂದೇ ಮಾತು: "ಊರಿಗೆ ಹೋಗಿ ತಿಳಿಸ್ತೀವಿ."

ಅರಸೀಕೆರೆಯ ಮನೆ ನನಗೆ ಚೆನ್ನಾಗಿ ನೆನಪಿದೆ. ಏಕೆಂದರೆ ಆ ಹುಡುಗಿಯೊಬ್ಬಳೇ ನನ್ನನ್ನು ಒಂದು ಪ್ರಶ್ನೆ ಕೇಳಿದ್ದು. "ಅಲ್ಲಿಗೆ ಬಂದ ಮೇಲೆ ನಾನು ಓದು ಮುಂದುವರಿಸಬಹುದಾ?" ಎಂದಳು. ಅವಳ ತಂದೆ ಗಾಬರಿಯಿಂದ ನನ್ನ ಮುಖ ನೋಡಿದರು. "ಖಂಡಿತ" ಎಂದೆ. ಪ್ರಶ್ನೆ ಹಿಡಿಸಿತು, ಹುಡುಗಿಯೂ ಹಿಡಿಸಿದಳು ಅಂತಲೇ ಅನ್ನಬೇಕು. ಎರಡು ದಿನದ ಮೇಲೆ ಚಿಕ್ಕಮಗಳೂರಿನಲ್ಲಿ ನನ್ನ ಹೆಂಡತಿಯನ್ನು ನೋಡಿದೆ, ಎಲ್ಲ ಗೊತ್ತಾಯಿತು, ಲಗ್ನವಾಯಿತು, ವಿಮಾನ ಹತ್ತಿದೆ. ಮಿಕ್ಕ ಆರು ಮನೆಗಳು ಮನಸ್ಸಿನಿಂದ ಅಳಿಸಿಹೋದವು. ತಿಳಿಸುವುದು ಮಾವನ ಕೆಲಸ ಎಂದುಕೊಂಡೆ. ಅಲ್ಲ, ಹಾಗೆಂದುಕೊಂಡೆ ಎನ್ನುವುದೂ ಸುಳ್ಳು. ಆ ಯೋಚನೆಯೇ ಬರಲಿಲ್ಲ.

ಇದಾಗಿ ಮೂವತ್ತು ಚಿಲ್ಲರೆ ವರ್ಷದ ಮೇಲೆ ನನ್ನ ಮಗಳು ಒಂದು ಶನಿವಾರ ಮನೆಗೆ ಬಂದು ಮಂಕಾಗಿ ಕೂತಳು. ಈಗಿನವರು ಒಬ್ಬರನ್ನೊಬ್ಬರು ಹುಡುಕುವುದು ಫೋನಿನಲ್ಲಿ ತಾನೇ? ಮ್ಯಾಚ್ ಡಾಟ್ ಕಾಮ್ 1995ರಲ್ಲಿ, ಟಿಂಡರ್ 2012ರಲ್ಲಿ ಬಂದವು. 2017ರಲ್ಲಿ ನಡೆದ ಒಂದು ಸಮೀಕ್ಷೆಯ ಆಧಾರದ ಮೇಲೆ ಸ್ಟ್ಯಾನ್‌ಫರ್ಡಿನ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಕಾರ, ಈ ದೇಶದಲ್ಲಿ ಹೊಸದಾಗಿ ಜೊತೆಯಾದ ಗಂಡು ಹೆಣ್ಣುಗಳಲ್ಲಿ ಸುಮಾರು ನೂರಕ್ಕೆ 39 ಮಂದಿ ಪರಿಚಯವಾದದ್ದು ಅಂತರ್ಜಾಲದಲ್ಲಿ. ಈ ಅಂಗಡಿಯ ಸ್ವಾರಸ್ಯ ನೋಡಿ. ಸಂಗಾತಿ ಸಿಕ್ಕ ಗಿರಾಕಿ ಅಂಗಡಿ ಬಿಟ್ಟು ಹೋಗುತ್ತಾನೆ, ಸಿಗದವನು ತಿಂಗಳು ತಿಂಗಳೂ ಚಂದಾ ಕಟ್ಟುತ್ತಾನೆ. ನನ್ನ ಮಗಳು ಹೀಗೆ ಪರಿಚಯವಾದ ಹುಡುಗನೊಬ್ಬನನ್ನು ಎರಡು ತಿಂಗಳಲ್ಲಿ ಐದು ಸಲ ಭೇಟಿಯಾಗಿದ್ದಳು. ನಮ್ಮ ಬಗ್ಗೆಯೂ ಅವನಿಗೆ ಹೇಳಿದ್ದಳು. ಆರನೆಯ ಸಲದ ಮಾತು ಬಂದಾಗ ಅವನು ಉತ್ತರ ಕೊಡುವುದನ್ನೇ ನಿಲ್ಲಿಸಿದ. ಫೋನಿಲ್ಲ, ಓಲೆಯಿಲ್ಲ, ಬೇಡ ಎಂಬ ಮಾತೂ ಇಲ್ಲ. ಇದಕ್ಕೆ ಇವರ ಭಾಷೆಯಲ್ಲಿ "ಘೋಸ್ಟಿಂಗ್" ಅನ್ನುತ್ತಾರಂತೆ. ಇದ್ದವನು ದೆವ್ವದ ಹಾಗೆ ಮಾಯವಾಗುವುದು.

ನನಗೆ ಮೈಯೆಲ್ಲ ಉರಿಯಿತು. "ಯಾರ ಮನೆ ಹುಡುಗನಮ್ಮಾ ಅವನು? ಸಂಸ್ಕಾರ ಅನ್ನೋದೇ ಇಲ್ಲವಾ? ಈ ಆಪುಗಳಲ್ಲಿ ಮನುಷ್ಯರನ್ನ ಅಂಗಡಿ ಸಾಮಾನಿನ ಹಾಗೆ ನೋಡೋದು ಕಲಿತರೆ ಇನ್ನೇನಾಗುತ್ತೆ!" ಎಂದು ಕೂಗಾಡಿದೆ. ಅವಳು ಸುಮ್ಮನೆ ಕೇಳಿ, ಆಮೇಲೆ, "ಅಪ್ಪ, ನೀನು ಏಳು ಮನೆಗೆ ಹೋಗಿದ್ದೆ ಅಂತ ಅಮ್ಮ ಹೇಳಿದಾಳೆ. ಮಿಕ್ಕ ಆರು ಜನಕ್ಕೆ ಏನಂತ ಹೇಳಿದೆ?" ಎಂದಳು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. "ಮಾವ ಎಲ್ಲರಿಗೂ ತಿಳಿಸಿರ್ತಾರೆ" ಎಂದೆ.

ಮಾವ ತೀರಿಕೊಂಡ ಮೇಲೆ, ಹೋದ ಚಳಿಗಾಲದಲ್ಲಿ ಅವರ ಮನೆ ಖಾಲಿ ಮಾಡಲು ಹೋಗಿದ್ದೆ. ಹಳೆಯ ಕಾಗದಗಳನ್ನು ತಂತಿಗೆ ಚುಚ್ಚಿ ಇಡುವುದು ಅವರ ಅಭ್ಯಾಸ. 1987ರ ತಂತಿಯಲ್ಲಿ ಅರಸೀಕೆರೆಯಿಂದ ಬಂದ ಒಂದು ಜವಾಬಿ ಕಾರ್ಡು ಸಿಕ್ಕಿತು. ಗೊತ್ತಿಲ್ಲದ ಕಿರಿಯರಿಗಾಗಿ ಹೇಳುತ್ತೇನೆ. ಅದು ಒಂದಕ್ಕೊಂದು ಅಂಟಿಕೊಂಡಿರುವ ಎರಡು ಅಂಚೆ ಕಾರ್ಡು. ಒಂದರಲ್ಲಿ ನಾವು ಬರೆದು, ಇನ್ನೊಂದರಲ್ಲಿ ನಮ್ಮ ವಿಳಾಸ ಬರೆದು ಕಳಿಸುತ್ತಿದ್ದೆವು. ಉತ್ತರ ಕೊಡುವವರು ಅದನ್ನು ಹರಿದು ಡಬ್ಬಿಗೆ ಹಾಕಿದರೆ ಸಾಕು, ಅದರ ಅಂಚೆ ಖರ್ಚನ್ನೂ ನಾವೇ ಕೊಟ್ಟಿರುತ್ತಿದ್ದೆವು. ಆ ತಂದೆ ಬರೆದದ್ದು ನಾಲ್ಕೇ ಸಾಲು. ತಾವು ತಿಳಿಸುತ್ತೇವೆಂದು ಹೇಳಿ ಹೋಗಿ ಎರಡು ತಿಂಗಳಾಯಿತು, ಬೇರೆ ಕಡೆಯಿಂದ ಒಂದು ಸಂಬಂಧ ಬಂದಿದೆ, ತಮ್ಮ ಮಾತು ತಿಳಿಯದೆ ಅವರಿಗೆ ಏನೂ ಹೇಳಲಾರೆವು, ದಯವಿಟ್ಟು ಏನಿದ್ದರೂ ತಿಳಿಸಬೇಕು ಎಂದು. ಉತ್ತರದ ಕಾರ್ಡು ಹಾಗೆಯೇ ಇತ್ತು. ವಿಳಾಸ ಬರೆದಿತ್ತು, ಒಳಗೆ ಖಾಲಿ. ಆ ಹೊತ್ತಿಗೆ ನನ್ನ ಮದುವೆಯಾಗಿ ಎರಡು ತಿಂಗಳು ಹತ್ತಿರ ಬಂದಿತ್ತು.

ಆ ಸಂಬಂಧ ಕೂಡಿತೋ ತಪ್ಪಿತೋ ನನಗೆ ಗೊತ್ತಿಲ್ಲ. ಈಗ ವಿಚಾರಿಸಹೊರಡುವುದು ಆ ಹೆಣ್ಣುಮಗಳಿಗೆ ಇನ್ನೊಂದು ಕಿರುಕುಳವಾದೀತು. ಕಾರ್ಡು ತಂದು ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ ಹೇಳಿದಳು: "ನಿಮಗಿಂತ ಮುಂಚೆ ನನ್ನನ್ನ ನೋಡೋಕೆ ನಾಲ್ಕು ಜನ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಮೂವರ ಮುಖ ನೆನಪಿಲ್ಲ. ಒಬ್ಬರು ಮಾತ್ರ, ತಮಗೆ ಇಷ್ಟವಾಗಲಿಲ್ಲ ಅಂತ, ಕ್ಷಮಿಸಿ ಅಂತ ಅಪ್ಪನಿಗೆ ಕಾಗದ ಬರೆದಿದ್ದರು. ಆವತ್ತು ಅತ್ತೆ, ನಿಜ. ಆದರೆ ಅವರ ಹೆಸರು ಇವತ್ತಿಗೂ ನೆನಪಿದೆ. ಒಳ್ಳೆಯ ಮನುಷ್ಯ." ಇಷ್ಟು ವರ್ಷದ ಸಂಸಾರದಲ್ಲಿ ಅವಳು ಈ ಮಾತು ಹೇಳಿದ್ದು ಅದೇ ಮೊದಲು. ನಾನೂ ಕೇಳಿರಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ನಮ್ಮ ಹಿರಿಯರು ಕಲಿಸಿದ್ದರು. ಆರು ಮನೆಯ ಉಪ್ಪು ತಿಂದ ನಾನು ಎರಡು ಬಗೆಯಲಿಲ್ಲ, ಬಗೆಯಲು ಆ ಮನೆಗಳು ನನ್ನ ನೆನಪಿನಲ್ಲೇ ಇರಲಿಲ್ಲ. ಇದು ಪೇಟೆಯಿಂದ ಬಂದ ರೋಗವಲ್ಲ. ಮನೆಯೊಳಗೆ, ಜಮಖಾನದ ಮೇಲೆ, ದೇವರ ಪಟದ ಕೆಳಗೆ ಕೂತು ನಾನು ಮಾಡಿದ್ದೂ ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ನೋಡಿದ ಹಾಗೆಯೇ. ಆಯ್ದುಕೊಳ್ಳುವವನಿಗೆ ಆಯ್ದುಕೊಂಡದ್ದು ಮಾತ್ರ ನೆನಪಿರುತ್ತದೆ. ಪೇಟೆ ಮಾಡಿದ್ದು ಇಷ್ಟೇ. ಹಿಂದೆ ಗಂಡಿಗೆ, ಅದರಲ್ಲೂ ಅಮೆರಿಕದಿಂದ ಹೋದ ಗಂಡಿಗೆ ಮಾತ್ರ ಇದ್ದ ಆ ಗಿರಾಕಿತನವನ್ನು ಈಗ ಎಲ್ಲರಿಗೂ ಹಂಚಿದೆ. ಜೊತೆಗೆ ಒಂದು ಹುಸಿ ಸಮಾಧಾನವನ್ನೂ ಕೊಟ್ಟಿದೆ: ಬಿಲ್ಲು ಚುಕ್ತಾ ಆಯಿತು, ಇನ್ನು ಯಾರಿಗೂ ಏನೂ ಕೊಡಬೇಕಾಗಿಲ್ಲ.

ಊಟದ ಬಿಲ್ಲನ್ನು ಸರಿಪಾಲು ಮಾಡಿದರೆ ಊಟದ ಋಣ ತೀರುತ್ತದೆ, ಒಪ್ಪಿದೆ. ಆದರೆ ಎದುರಿಗೆ ಕೂತ ಜೀವ ತನ್ನನ್ನು ನಿಮಗೆ ತೋರಿಸಿಕೊಂಡಿತಲ್ಲ, ನೀವು ಬೇಡ ಎನ್ನಬಹುದೆಂದು ಗೊತ್ತಿದ್ದೂ ಬಂದು ಕೂತಿತಲ್ಲ, ಆ ಧೈರ್ಯದ ಋಣ ಬೇರೆಯದು. ಅದಕ್ಕೆ ಪ್ರತಿಯಾಗಿ ಮದುವೆಯಾಗಬೇಕಿಲ್ಲ. ಬೇಡ ಎನ್ನುವ ಹಕ್ಕು ಇಬ್ಬರಿಗೂ ಇದ್ದೇ ಇದೆ, ಇರಲೇಬೇಕು. ಕೊಡಬೇಕಾದದ್ದು ಒಂದು ಮಾತು ಮಾತ್ರ, ಹೊತ್ತಿಗೆ ಸರಿಯಾಗಿ, ಸ್ಪಷ್ಟವಾಗಿ, ತಾವೇ ಹೇಳುವ ಮಾತು.

"ಮಾತೇ ಕೊಟ್ಟಿಲ್ಲ, ಋಣ ಎಲ್ಲಿಂದ ಬಂತು?" ಎಂದು ಕೆಲವರು ಕೇಳಬಹುದು. ಫೋನಿನಲ್ಲಿ ದಿನಕ್ಕೆ ನೂರು ಚಿತ್ರ ಸರಿದುಹೋಗುತ್ತವೆ, ಎಲ್ಲರಿಗೂ ಕ್ಷಮಾಪಣೆ ಬರೆಯುತ್ತಾ ಕೂರುವುದಕ್ಕಾಗುತ್ತದೆಯೇ? ಇಲ್ಲ. ಚಿತ್ರ ನೋಡಿದ್ದಕ್ಕೆ ಋಣವಿಲ್ಲ. ಮೇಜಿನ ಎದುರುಬದುರು ಕೂತು ಮಾತಾಡಿ, ಮತ್ತೆ ಸಿಗೋಣ ಎಂದರೆ ಋಣ ಶುರುವಾಗುತ್ತದೆ. ಇನ್ನು ಕೆಲವರು, "ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋದಕ್ಕಿಂತ ಸುಮ್ಮನಿರೋದೇ ಮರ್ಯಾದೆ" ಎನ್ನುತ್ತಾರೆ. ನನ್ನ ಮಾವನೂ ಹಾಗೆಯೇ ಅಂದುಕೊಂಡಿರಬೇಕು, ಅವರು ಕೆಟ್ಟವರಲ್ಲ. ಆದರೆ ಸುಮ್ಮನಿರುವುದರಿಂದ ಉಳಿಯುವುದು ನಮ್ಮ ಮುಜುಗರ ಮಾತ್ರ. ಅದರ ಖರ್ಚನ್ನು ಕಾಯುವವರು ಕೊಡುತ್ತಾರೆ, ದಿನದ ಲೆಕ್ಕದಲ್ಲಿ. ಅರಸೀಕೆರೆಯ ತಂದೆ ನಮ್ಮ ಉತ್ತರದ ಅಂಚೆ ಖರ್ಚನ್ನೂ ತಾವೇ ಕೊಟ್ಟಿದ್ದರು. ನಾವು ಕೊಡಬೇಕಾಗಿದ್ದದ್ದು ಶಾಯಿ ಒಂದನ್ನೇ.

ಲೆಕ್ಕಾಚಾರವನ್ನೇ ಮದುವೆಯಿಂದ ಹೊರಗಿಡಬಹುದೆಂದು ನಂಬಿದ ಹಿರಿಯರು ನಮ್ಮಲ್ಲೇ ಇದ್ದರು. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಗಂಡು ಹೆಣ್ಣು ಸರಿಸಮಾನರಾಗಿ ನಿಂತು ಪ್ರಮಾಣ ಮಾಡುತ್ತಾರೆ, ಅಷ್ಟೆ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಹಾಗೆಯೇ ಮಾಡಿದರು. ಅಷ್ಟು ದೂರ ನಡೆಯುವ ಶಕ್ತಿ ಎಲ್ಲರಿಗೂ ಇಲ್ಲದಿರಬಹುದು. ಆದರೆ ಅದರ ತಿರುಳು ನಮಗೂ ಬೇಕಾದದ್ದು. ಮದುವೆಯಲ್ಲಿ ನಿಜವಾಗಿ ಕೈ ಬದಲಾಗುವುದು ಮಾತು. ಮಾತಿಗೆ ಅಷ್ಟು ಬೆಲೆ ಇರುವುದಾದರೆ, ಬೇಡ ಎಂಬ ಮಾತಿಗೂ ಬೆಲೆ ಇದೆ.

ಆದ್ದರಿಂದ ನಮ್ಮ ಕೂಟದ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಬಿಲ್ಲನ್ನು ಹೇಗಾದರೂ ಹಂಚಿಕೊಳ್ಳಲಿ, ಆಪಿನಲ್ಲಾದರೂ ಹುಡುಕಲಿ, ನಮ್ಮ ಮೂಲಕವಾದರೂ ನೋಡಲಿ, ಅದರ ಬಗ್ಗೆ ಜಗಳ ಬೇಡ. ಆದರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇದೊಂದನ್ನು ಕಲಿಸೋಣ: ಭೇಟಿಯಾದವರನ್ನು ಕಾಯಿಸಬೇಡಿ, ಬೇಡವಾದರೆ ಬೇಡ ಎಂದು ನೀವೇ ಹೇಳಿ. ನಾವು ಹಿರಿಯರು ನಡುವೆ ನಿಂತ ಸಂಬಂಧಗಳಲ್ಲಿ "ನೋಡೋಣ, ತಿಳಿಸ್ತೀವಿ" ಎಂದು ಜಾರಿಕೊಳ್ಳುವ ಅಭ್ಯಾಸವನ್ನು ನಾವು ಬಿಡೋಣ. ನಾನು ಬರೆಯದ ಆರು ಕಾಗದಗಳನ್ನು ಈಗ ಬರೆಯಲಾರೆ. ಆ ಕಾರ್ಡು ನನ್ನ ಮೇಜಿನ ಮೇಲೆಯೇ ಇದೆ. ಮಗಳು ಅದನ್ನು ಓದಿದಳು. ಏನೂ ಅನ್ನಲಿಲ್ಲ. ಆ ಹುಡುಗನ ಮೇಲಿನ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಈಗ ಅವನನ್ನು ಬೈಯುವಾಗ ದನಿ ಏಳುವುದಿಲ್ಲ.

ಓದಿದವರು ನಿಮ್ಮ ಅನಿಸಿಕೆಯನ್ನು ಸಂಪಾದಕರಿಗೆ ಬರೆಯಿರಿ. ಅದರಲ್ಲೂ ನಮ್ಮ ಕೂಟದ ಹೆಂಗಸರು, ಅಂದು ತಟ್ಟೆ ಹಿಡಿದು ನಡುಮನೆಗೆ ಬಂದವರು, ದಯವಿಟ್ಟು ಬರೆಯಬೇಕು. ಇಷ್ಟು ವರ್ಷ ಕಾಫಿ ಪಾತ್ರೆಯ ಪಕ್ಕದಲ್ಲಿ ನಿಂತು ತಟ್ಟೆ ಖಾಲಿ ಮಾಡಿದವರೇ ಮಾತಾಡಿದ್ದೇವೆ.